ಅರೆಸ್ಟ್ ಆದೋರ ಹೆಸರು ಠಾಣೆ ಬೋರ್ಡ್ ಮೇಲೆ ಯಾಕೆ ಕಾಣಲ್ಲ?

ಮಾನ್ಯ ಸಂಪಾದಕರೇ,

ನಿಮ್ಮ ಪೇಪರ್ ಒಳಪುಟದಲ್ಲಿ ದಿನಾ ಬರತ್ತಲ್ಲ, "ಮೂವರ ಬಂಧನ", "ಆರೋಪಿ ಸೆರೆ" ಅಂತ, ಅದರಲ್ಲಿ ಮುಕ್ಕಾಲು ಪಾಲು ಪೊಲೀಸರು ಕೊಡೋ ಪ್ರೆಸ್ ನೋಟಿಂದಲೇ ಬರೋದು, ಅವರಿಗೆ ಹೇಳ್ಬೇಕು ಅನ್ಸಿದ್ದು ಬರತ್ತೆ, ಬೇಡ ಅನ್ಸಿದ್ದು ಬರಲ್ಲ. ದೊಡ್ಡ ಕಳ್ಳತನ ಪತ್ತೆ ಮಾಡಿದಾಗ ಟೇಬಲ್ ಮೇಲೆ ಒಡವೆ ಜೋಡಿಸಿ, ಹಿಂದೆ ಆರೋಪಿಗಳಿಗೆ ಮುಸುಕು ಹಾಕಿ ನಿಲ್ಲಿಸಿ ಫೋಟೋ ತೆಗಿಸ್ತಾರೆ. ಅದೇ ರಾತ್ರಿ ಹನ್ನೊಂದಕ್ಕೆ ಜೀಪಲ್ಲಿ ಕೂರಿಸ್ಕೊಂಡು ಹೋದ ಹುಡುಗ ಯಾವ ಠಾಣೇಲಿದಾನೆ ಅಂತ ಮನೆಯೋರಿಗೆ ಬೆಳಗಿನವರೆಗೂ ತಿಳಿಯಲ್ಲ, ಒಂದು ಠಾಣೆಗೆ ಹೋದ್ರೆ "ನಮ್ಮ ಕಡೆ ಅಲ್ಲ, ಕ್ರೈಂ ಬ್ರಾಂಚ್ ಇರ್ಬೇಕು ನೋಡಿ" ಅಂತಾರೆ, ಅಲ್ಲಿಗೆ ಹೋದ್ರೆ ವಾಪಸ್ ಇಲ್ಲಿಗೇ ಕಳಿಸ್ತಾರೆ.

ಯಾರನ್ನ ಹಿಡಿದ್ರು ಅನ್ನೋದು ಪೊಲೀಸರ ಮರ್ಜಿ ಮೇಲೆ ಗೊತ್ತಾಗೋ ವಿಷಯ ಅಲ್ಲವೇ ಅಲ್ಲ ಸ್ವಾಮಿ, ಅದನ್ನ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಕು ಅಂತ ಕಾನೂನಲ್ಲೇ ಇದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಬಂತಲ್ಲ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಅದರ 37ನೇ ಕಲಂ ಓದಿ ನೋಡಿ. ಪ್ರತಿ ಜಿಲ್ಲೇಲೂ ಪ್ರತಿ ಠಾಣೇಲೂ ಒಬ್ಬ ಅಧಿಕಾರಿನ ಇದಕ್ಕೇ ಅಂತ ಗೊತ್ತು ಮಾಡ್ಬೇಕು, ಎಎಸ್‌ಐಗಿಂತ (ಸಹಾಯಕ ಸಬ್ ಇನ್ಸ್‌ಪೆಕ್ಟರ್) ಕೆಳಗಿನ ರ‍್ಯಾಂಕ್ ಆಗಂಗಿಲ್ಲ, ಅರೆಸ್ಟ್ ಆದೋರ ಹೆಸರು, ವಿಳಾಸ, ಯಾವ ಥರದ ಅಪರಾಧದ ಆರೋಪ ಅನ್ನೋದನ್ನ ಅವರು ಇಟ್ಕೋಬೇಕು, ಮತ್ತೆ ಅದನ್ನ ಠಾಣೇಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣೋ ಹಾಗೆ ಪ್ರದರ್ಶನ ಮಾಡ್ಬೇಕು, ಡಿಜಿಟಲ್ ಆಗಿ ಮಾಡಿದ್ರೂ ಸರಿ. ಹಳೇ ಸಿಆರ್‌ಪಿಸಿಗೆ 2008ರ ತಿದ್ದುಪಡಿಯಲ್ಲಿ ಸೇರಿಸಿದ 41ಸಿ ಕಲಂನಲ್ಲಿ ಬೋರ್ಡ್ ಇರ್ಬೇಕಿದ್ದದ್ದು ಜಿಲ್ಲಾ ಕಂಟ್ರೋಲ್ ರೂಮ್ ಹೊರಗೆ ಮಾತ್ರ, ಈಗ ಅದು ಠಾಣೆವರೆಗೂ ಇಳಿದು ಬಂದಿದೆ, ಒಳ್ಳೇದೇ. ಆದ್ರೆ ಹಳೇದರಲ್ಲಿ ಹಿಡಿದ ಅಧಿಕಾರಿಯ ಹೆಸರು, ಹುದ್ದೆನೂ ಬೋರ್ಡಲ್ಲಿ ಬರೀಬೇಕು ಅಂತಿತ್ತು, ಹೊಸದರಲ್ಲಿ ಆ ಮಾತು ಕಾಣ್ತಿಲ್ಲ. ಹಿಡಿಸ್ಕೊಂಡೋನ ವಿಳಾಸ ಊರಿಗೆಲ್ಲ ಗೊತ್ತಾಗ್ಬೇಕಂತೆ, ಹಿಡಿದೋರ ಹೆಸರು ಬೇಡವಂತೆ, ಇದ್ಯಾವ ನ್ಯಾಯನೋ.

ಇದಕ್ಕೆಲ್ಲ ಮೂಲ ಒಂದು ಪತ್ರ, ಅದೂ ಪೇಪರ್ ಸುದ್ದಿ ನೋಡಿ ಬರೆದ ಪತ್ರ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು 1986ರ ಆಗಸ್ಟ್‌ನಲ್ಲಿ, ಪತ್ರಿಕೆಗಳಲ್ಲಿ ಬಂದಿದ್ದ ಲಾಕಪ್ ಸಾವಿನ ಸುದ್ದಿಗಳನ್ನ ತೋರಿಸಿ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿಗೆ ಬರೆದ್ರು, ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1996ರ ಡಿಸೆಂಬರ್ 18ಕ್ಕೆ ತೀರ್ಪು ಬಂತು. ಅರೆಸ್ಟ್ ಮೆಮೊ, ಅಂದ್ರೆ ಬಂಧನದ ವಿವರದ ಪತ್ರ, ಬರೀಬೇಕು, ಅದಕ್ಕೆ ಮನೆಯೋರೋ ಆ ಏರಿಯಾದ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕ್ಬೇಕು, 12 ಗಂಟೆ ಒಳಗೆ ಕಂಟ್ರೋಲ್ ರೂಮ್‌ಗೆ ತಿಳಿಸಿ ಅಲ್ಲಿನ ನೋಟಿಸ್ ಬೋರ್ಡಲ್ಲಿ ಹಾಕ್ಬೇಕು ಅಂತೆಲ್ಲ ಹೇಳಿದ್ದು ಆ ತೀರ್ಪಲ್ಲೇ. ಅಂದ್ರೆ ಈ ಲಿಸ್ಟ್ ಹುಟ್ಟಿದ್ದು ಜನ ಕುತೂಹಲಕ್ಕೆ ಓದಲಿ ಅಂತಲ್ಲ. ಒಳಗೆ ಹೋದ ಮನುಷ್ಯ ಇಂಥ ಕಡೆ ಇದಾನೆ ಅಂತ ಹೊರಗಿನವರಿಗೆ ಗೊತ್ತಿದ್ರೆ ಅವನಿಗೆ ಹೊಡೆಯೋದು, ದಿನಗಟ್ಟಲೆ ಲೆಕ್ಕ ಇಲ್ಲದೆ ಕೂರಿಸ್ಕೊಳ್ಳೋದು ಕಷ್ಟ ಆಗತ್ತೆ, ಅಷ್ಟಕ್ಕೆ.

ಈಗ ಠಾಣೆಗಳ ಸ್ಥಿತಿ ನೋಡಿ. ಇತ್ತೀಚೆಗೆ ಒಂದು ಠಾಣೇಲಿ ನಾನು ನೋಡಿದ ಬೋರ್ಡಲ್ಲಿ ಬಿಳಿ ಪೇಂಟಲ್ಲಿ ನೀಟಾಗಿ ಗೆರೆ ಎಳೆದು ಕಾಲಂ ಮಾಡಿದಾರೆ, ಕ್ರಮ ಸಂಖ್ಯೆ, ದಿನಾಂಕ, ಆರೋಪಿ ಹೆಸರು ಮತ್ತು ವಿಳಾಸ, ಮೊಕದ್ದಮೆ ನಂಬರ್, ಕಲಂ, ಎಲ್ಲ ಇದೆ, ಕೆಳಗೆ ಒಂದಕ್ಷರ ಇಲ್ಲ. ಖಾಲಿ ಇದೆಯಲ್ಲ ಅಂತ ಯಾರೋ ಅದರ ಮೇಲೆ ರಕ್ತದಾನ ಶಿಬಿರದ ಪೋಸ್ಟರ್ ಅಂಟಿಸಿದಾರೆ. ಸ್ಟೇಷನ್ ರೈಟರ್ ಹತ್ರ ಕೇಳಿದ್ರೆ ಮೊದಲನೇ ಪ್ರಶ್ನೆ "ನಿಮಗೆ ಅವರು ಏನಾಗ್ಬೇಕು?" ಏನೂ ಆಗ್ಬೇಕಿಲ್ಲ ಸಾರ್! ಎಲ್ಲರಿಗೂ ಕಾಣೋ ಹಾಗೆ ಹಾಕಿ ಅಂತ ಕಾನೂನು ಹೇಳಿದ ಮೇಲೆ ನೋಡೋನು ಸಂಬಂಧಿಕನೇ ಆಗಿರ್ಬೇಕು ಅಂತ ಎಲ್ಲಿದೆ.

ಹಾಗಾಗಿ ಓದುಗರಿಗೆ ನಾಲ್ಕು ಮಾತು ಹೇಳ್ಬೇಕು. ಠಾಣೆಗೆ ಹೋದಾಗ ಸುಮ್ನೆ "ಇದಾನಾ ಇಲ್ವಾ" ಅಂತ ಕೇಳ್ಬೇಡಿ, 37ನೇ ಕಲಂ ಪ್ರಕಾರ ನೇಮಕ ಆಗಿರೋ ಅಧಿಕಾರಿ ಯಾರು ಅಂತ ಕೇಳಿ, ಎಷ್ಟೋ ಕಡೆ ಆ ಪ್ರಶ್ನೆಗೇ ಮಾತಿನ ಧಾಟಿ ಬದಲಾಗತ್ತೆ. ಅಲ್ಲಿ ಆಗ್ಲಿಲ್ಲ ಅಂದ್ರೆ ಎಸ್‌ಪಿ ಆಫೀಸೋ ಕಮಿಷನರ್ ಆಫೀಸೋ ಇರೋ ಕಡೆ ಜಿಲ್ಲಾ ಕಂಟ್ರೋಲ್ ರೂಮ್ ಇರತ್ತೆ, ಮಾಹಿತಿ ಅಲ್ಲೂ ಇರ್ಬೇಕು. ಮನೆಯೋರಿಗೋ ಸ್ನೇಹಿತರಿಗೋ ಅರೆಸ್ಟ್ ವಿಷಯ, ಎಲ್ಲಿಟ್ಟಿದೀವಿ ಅನ್ನೋದು ತಕ್ಷಣ ತಿಳಿಸೋದಂತೂ 48ನೇ ಕಲಂ ಪ್ರಕಾರ ಪೊಲೀಸರ ಕರ್ತವ್ಯ, ತಿಳಿಸಿದೀವಿ ಅಂತ ಠಾಣೆ ಪುಸ್ತಕದಲ್ಲಿ ಎಂಟ್ರಿನೂ ಮಾಡ್ಬೇಕು. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.

ಎಫ್‌ಐಆರ್ ಆನ್‌ಲೈನಲ್ಲಿ ಸಿಗತ್ತೆ. ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಹೇಳಿದ್ದು ಏನಂದ್ರೆ ದಾಖಲಾದ 24 ಗಂಟೇಲಿ ವೆಬ್‌ಸೈಟಿಗೆ ಹಾಕಿ, ನೆಟ್‌ವರ್ಕ್ ತೊಂದರೆ ಇದ್ರೆ 48, ತೀರಾ ಅಂದ್ರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಇಂಥ ಸೂಕ್ಷ್ಮ ಕೇಸುಗಳನ್ನ ಹಾಕಲ್ಲ. ನಮ್ಮ ರಾಜ್ಯದ ಪೊಲೀಸ್ ವೆಬ್‌ಸೈಟಲ್ಲಿ ಜಿಲ್ಲೆ, ಠಾಣೆ, ವರ್ಷ, ಎಫ್‌ಐಆರ್ ನಂಬರ್ ಹಾಕಿ ಹುಡುಕ್ಬಹುದು. ಇಲ್ಲೇ ಜನ ಎಡವೋದು, ಎಫ್‌ಐಆರ್ ಅಂದ್ರೆ ಅರೆಸ್ಟ್ ರೆಕಾರ್ಡ್ ಅಲ್ಲ. ಎಫ್‌ಐಆರಲ್ಲಿ ಹೆಸರಿರೋ ಎಷ್ಟೋ ಜನ ಅರೆಸ್ಟೇ ಆಗಿರಲ್ಲ, ಬರೀ ನೋಟಿಸ್ ಕೊಟ್ಟು ವಿಚಾರಣೆಗೆ ಕರೆದಿರ್ತಾರೆ, ಇನ್ನು "ಅಪರಿಚಿತ ವ್ಯಕ್ತಿಗಳು" ಅಂತ ಎಫ್‌ಐಆರ್ ಆಗಿರೋ ಕೇಸಲ್ಲಿ ಆಮೇಲೆ ಯಾರನ್ನೋ ಹಿಡಿದ್ರೆ ಅವರ ಹೆಸರು ಆ ಎಫ್‌ಐಆರಲ್ಲಿ ಎಲ್ಲಿಂದ ಬರ್ಬೇಕು. ಅದಕ್ಕೇ ಈ ಬೋರ್ಡ್ ಬೇಕು ಅಂತ ನಾನು ಇಷ್ಟು ಬಡ್ಕೊಳ್ತಿರೋದು, ವೆಬ್‌ಸೈಟ್ ಇದೆಯಲ್ಲ ಅಂತ ಅಧಿಕಾರಿಗಳು ಕೈ ತೊಳ್ಕೊಳ್ಳೋಕಾಗಲ್ಲ.

ಹಿಡಿದ 24 ಗಂಟೇಲಿ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಲೇಬೇಕಲ್ಲ, ಅಲ್ಲಿಂದ ಮುಂದೆ ಜಾಡು ಕೋರ್ಟಲ್ಲಿ ಸಿಗತ್ತೆ. ಇ-ಕೋರ್ಟ್ಸ್ ಸೈಟಲ್ಲಿ ಎಫ್‌ಐಆರ್ ನಂಬರ್ ಹಾಕಿ ಕೇಸ್ ಹುಡುಕ್ಬಹುದು, ಜಾಮೀನು ಅರ್ಜಿ ಹಾಕಿದ್ರೆ ಅದರ ತಾರೀಕು, ಆದೇಶನೂ ಎಷ್ಟೋ ಸಲ ಅಲ್ಲೇ ಇರತ್ತೆ. ಚಾರ್ಜ್‌ಶೀಟ್ ಮಾತ್ರ ಕೇಳ್ಬೇಡಿ, ಅದು ಸಾರ್ವಜನಿಕ ದಾಖಲೆ ಅಲ್ಲ, ವೆಬ್‌ಸೈಟಿಗೆ ಹಾಕೋಕಾಗಲ್ಲ ಅಂತ 2023ರ ಜನವರೀಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ.

ಹಳೇ ಅರೆಸ್ಟ್‌ಗಳ ಲೆಕ್ಕ ಬೇಕು ಅನ್ನೋರಿಗೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ ಇರ್ಬೇಕು, 150 ಪದ ಮೀರ್ಬಾರ್ದು. "ಇಂಥವರ ಮೇಲೆ ಏನೇನು ಕೇಸಿದೆ" ಅಂತ ಕೇಳಿದ್ರೆ ವೈಯಕ್ತಿಕ ಮಾಹಿತಿ ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ತೋರಿಸಿ ವಾಪಸ್ ಕಳಿಸ್ತಾರೆ, 2023ರ ಡೇಟಾ ಸಂರಕ್ಷಣಾ ಕಾಯ್ದೆ ಆ ಕಲಂನ ತಿದ್ದಿ ಇನ್ನೂ ಬಿಗಿ ಮಾಡಿದೆ. ಅದರ ಬದಲು ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ 37ನೇ ಕಲಂ ಪ್ರಕಾರ ಪ್ರದರ್ಶಿಸಿದ ಮಾಹಿತಿಯ ನಕಲು ಕೊಡಿ ಅಂತ ಕೇಳಿ, ಈಗಾಗ್ಲೇ ಎಲ್ಲರ ಮುಂದೆ ಹಾಕಿರ್ಬೇಕಾದ್ದನ್ನ ಗುಟ್ಟು ಅನ್ನೋದು ಕಷ್ಟ. ತನಿಖೆ ನಡೀತಿದೆ ಕೊಡಲ್ಲ ಅಂದ್ರೆ, ಬರೀ ತನಿಖೆ ಇದೆ ಅನ್ನೋದು ಸಾಲಲ್ಲ, ಮಾಹಿತಿಯಿಂದ ತನಿಖೆಗೆ ಹೇಗೆ ಅಡ್ಡಿ ಅಂತ ತೋರಿಸ್ಬೇಕು ಅಂತ ದೆಹಲಿ ಹೈಕೋರ್ಟ್ ಭಗತ್ ಸಿಂಗ್ ಅನ್ನೋ ಅರ್ಜಿದಾರರ 2007ರ ಕೇಸಲ್ಲಿ ಹೇಳಿದೆ, ಮೇಲ್ಮನವೀಲಿ ಅದನ್ನ ಬರೀರಿ. ಮಾಮೂಲಿ 30 ದಿನ, ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ವಿಷಯ ಆದ್ರೆ 48 ಗಂಟೇಲಿ ಉತ್ತರ ಕೊಡ್ಬೇಕು. ಮಗ ಲಾಕಪ್ಪಲ್ಲಿದಾನಾ ಅನ್ನೋದು ಸ್ವಾತಂತ್ರ್ಯದ ವಿಷಯ ಅಲ್ದೆ ಇನ್ನೇನು.

ಹಾಗಂತ ಎಲ್ಲರ ಹೆಸರೂ ಇಂಟರ್ನೆಟ್ಟಲ್ಲಿ ಶಾಶ್ವತವಾಗಿ ಬಿದ್ದಿರಲಿ ಅಂತ ನಾನು ಹೇಳ್ತಿಲ್ಲ. ಅರೆಸ್ಟ್ ಆದೋನು ಅಪರಾಧಿ ಅಲ್ಲ. ಅಮೆರಿಕದಲ್ಲಿ ಅರೆಸ್ಟ್ ಫೋಟೋಗಳನ್ನ ಗುಡ್ಡೆ ಹಾಕ್ಕೊಂಡು, ತೆಗೀಬೇಕಂದ್ರೆ ದುಡ್ಡು ಕೊಡಿ ಅಂತ ವಸೂಲಿ ಮಾಡೋ ವೆಬ್‌ಸೈಟುಗಳೇ ಹುಟ್ಕೊಂಡು, ಕೊನೆಗೆ ಕ್ಯಾಲಿಫೋರ್ನಿಯಾ, ಜಾರ್ಜಿಯಾ ಥರದ ರಾಜ್ಯಗಳು ಅದರ ವಿರುದ್ಧ ಕಾನೂನು ಮಾಡ್ಬೇಕಾಯ್ತು. ಆ ದಂಧೆ ಇಲ್ಲಿಗೆ ಬರೋದು ಬೇಡ. ಹೆಸರು ಜನಕ್ಕೆ ಕಾಣ್ಬೇಕಾದ್ದು ಮನುಷ್ಯ ಪೊಲೀಸ್ ಕೈಯಲ್ಲಿರೋ ಹೊತ್ತಲ್ಲಿ, ಬೋರ್ಡಲ್ಲಿ ಇಷ್ಟು ದಿನ ಇಟ್ಟು ಅಳಿಸ್ಬೇಕು ಅಂತ ಸರ್ಕಾರ ಒಂದು ಸುತ್ತೋಲೆ ಹೊರಡಿಸಲಿ, ಮನೆ ನಂಬರ್ ಸಮೇತ ವಿಳಾಸನೂ ಬೇಡ, ಊರೋ ಬಡಾವಣೆಯೋ ಸಾಕು ಅನ್ನೋದು ನನ್ನ ಅಭಿಪ್ರಾಯ. ಹದಿನೆಂಟು ತುಂಬದ ಮಕ್ಕಳ ಗುರುತಂತೂ ಬಾಲನ್ಯಾಯ ಕಾಯ್ದೆ ಪ್ರಕಾರ ಎಲ್ಲೂ ಬರಂಗಿಲ್ಲ, ಇದು ನಿಮ್ಮಂಥ ಪತ್ರಿಕೆಯೋರಿಗೂ ಸೇರಿ.

ಪತ್ರಿಕೆ ಅಂದ್ಮೇಲೆ ಇದೂ ಕೇಳಿಬಿಡ್ತೀನಿ ಬೇಜಾರು ಮಾಡ್ಕೋಬೇಡಿ, ಅರೆಸ್ಟ್ ಆದಾಗ ಹೆಸರು ಫೋಟೋ ಸಮೇತ ಹಾಕ್ತೀರಿ, ಆರು ವರ್ಷ ಆದ್ಮೇಲೆ ಅದೇ ಮನುಷ್ಯ ಖುಲಾಸೆ ಆದ್ರೆ ಒಂದು ಸಾಲೂ ಬರಲ್ಲ. ಕೋರ್ಟ್ ವರದಿಗೆ ಹೋಗೋರು ಅದನ್ನೂ ಸ್ವಲ್ಪ ನೋಡ್ಕೋಬೇಕು. ಮತ್ತೆ ನಿಮ್ಮ ಕ್ರೈಂ ವರದಿಗಾರರು ದಿನಾ ಠಾಣೆ ಸುತ್ತೋರೇ ತಾನೆ, ಪ್ರತಿ ಜಿಲ್ಲೆಯಿಂದ ನಾಲ್ಕೈದು ಠಾಣೆಗಳ ಬೋರ್ಡ್ ನೋಡ್ಕೊಂಡು, ಕೊನೇ ಎಂಟ್ರಿ ಯಾವ ತಾರೀಕಿಂದು, 37ನೇ ಕಲಂ ಅಧಿಕಾರಿ ಹೆಸರು ಬರೆದಿದಾರಾ ಇಲ್ವಾ ಅಂತ ಠಾಣೆ ಹೆಸರು ಸಮೇತ ಅರ್ಧ ಪುಟ ಪ್ರಕಟಿಸಿ. ಎಸ್‌ಪಿಗಳ ಪ್ರತಿಕ್ರಿಯೆನೂ ಪಕ್ಕದಲ್ಲೇ ಹಾಕಿ, ಏನು ಹೇಳ್ತಾರೆ ನೋಡೋಣ.

ಇಂತಿ,
ನಿಮ್ಮ ಹಳೇ ಓದುಗ