ಮೂರು ದಿನಕ್ಕೆ ಸಮ್ಮೋಹನ ಚಿಕಿತ್ಸಕರು?

ಸಂಪಾದಕರಿಗೆ,

ಮಾನ್ಯರೇ,

ಸಮ್ಮೋಹನ ಚಿಕಿತ್ಸೆಯನ್ನು (ಹಿಪ್ನಾಟಿಸಂ ಬಳಸುವ ಚಿಕಿತ್ಸೆ) ವೃತ್ತಿಯಾಗಿ ಆರಿಸಿಕೊಳ್ಳಿ ಎಂದು ಯುವಜನರಿಗೆ ಹೇಳುವ ಬರಹವೊಂದು ಕಳೆದ ವಾರ ನಿಮ್ಮ ಉದ್ಯೋಗ ಪುರವಣಿಯಲ್ಲಿ ಬಂದಿತ್ತು. ದಾವಣಗೆರೆಯಲ್ಲಿ ಒಂಬತ್ತು ವರ್ಷಗಳಿಂದ ಇದೇ ಕೆಲಸದಿಂದ ಅನ್ನ ಉಣ್ಣುತ್ತಿರುವವಳು ನಾನು. ನಮ್ಮ ಕಸುಬಿಗೂ ಪತ್ರಿಕೆಯಲ್ಲಿ ಜಾಗ ಸಿಕ್ಕಿತಲ್ಲ ಎಂದು ಹಿಗ್ಗಿದೆ. 'ಕಡಿಮೆ ಬಂಡವಾಳ, ಕೈತುಂಬ ಆದಾಯ' ಎಂಬ ಸಾಲು ಓದುತ್ತಿದ್ದಂತೆ ಹಿಗ್ಗು ಇಳಿಯಿತು.

ನಾನೂ ಹೀಗೊಂದು ಸಾಲನ್ನು ನಂಬಿಯೇ ಹೊರಟವಳು. ಹನ್ನೊಂದು ವರ್ಷ ಖಾಸಗಿ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದೆ. ಬೆಂಗಳೂರಿನ ಹೋಟೆಲ್ ಸಭಾಂಗಣವೊಂದರಲ್ಲಿ ಶುಕ್ರವಾರದಿಂದ ಭಾನುವಾರದವರೆಗೆ ಕಲಿತೆ. ಶುಲ್ಕ 28 ಸಾವಿರ, ಊಟ ಸೇರಿ. ಭಾನುವಾರ ಸಂಜೆ ಬಂಗಾರದ ಬಣ್ಣದ ಮುದ್ರೆಯಿರುವ ಪ್ರಮಾಣಪತ್ರ ಕೈಗೆ ಬಂತು. ಸಮ್ಮೋಹನವೆಲ್ಲ ಋಷಿಗಳ ಕಾಲದ ಗುಟ್ಟು ಎಂದು ಮೂರೂ ದಿನ ಹೇಳಿದರೇ ಹೊರತು, ಹಿಪ್ನಾಟಿಸಂ ಎಂಬ ಹೆಸರನ್ನು 1840ರ ದಶಕದಲ್ಲಿ ಬಳಕೆಗೆ ತಂದ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅದೇ ದಶಕದಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೈಲ್ ಎಂಬ ವೈದ್ಯ ರೋಗಿಗಳನ್ನು ಮಂಪರಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿದ್ದ. ಪ್ರಜ್ಞೆ ತಪ್ಪಿಸುವ ಕ್ಲೋರೋಫಾರ್ಮ್ ಬಂದ ಮೇಲೆ ಆ ವಿಧಾನ ಮೂಲೆಗೆ ಸರಿಯಿತು. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡದ್ದು.

ಊರಿಗೆ ಬಂದು ಬೋರ್ಡ್ ಬರೆಯಲು ಕೊಟ್ಟೆ. ಬರೆಯುವವರು ಉತ್ಸಾಹಿಗಳು. ಎರಡು ದೊಡ್ಡ ಕಣ್ಣು ಬಿಡಿಸಿ, ಅವುಗಳಿಂದ ಹಳದಿ ಕಿರಣ ಹೊರಡಿಸಿ, ಕೆಳಗೆ 'ಸಮ್ಮೋಹಿನಿ ಚಿಕಿತ್ಸಾಲಯ' ಎಂದು ಬರೆದಿಟ್ಟಿದ್ದರು. ತಿದ್ದಿಸುವಷ್ಟರಲ್ಲಿ ಬೀದಿಯವರೆಲ್ಲ ಓದಿಯಾಗಿತ್ತು. ಮೊದಲ ತಿಂಗಳ ಫೋನ್ ಕರೆಗಳು ಆ ಬೋರ್ಡಿಗೆ ತಕ್ಕಂತೆಯೇ ಇದ್ದವು. ಕಳೆದುಹೋದ ಸರ ಯಾರ ಹತ್ತಿರ ಇದೆ ಎಂದು ನಿದ್ದೆಯಲ್ಲಿ ಹೇಳಿಸುತ್ತೀರಾ? ಸೊಸೆಗೆ ಗೊತ್ತಾಗದ ಹಾಗೆ ಅವಳ ಮನಸ್ಸು ತಿರುಗಿಸುತ್ತೀರಾ? ಹಿಂದಿನ ಜನ್ಮದಲ್ಲಿ ನಾನು ಏನಾಗಿದ್ದೆ? ಇದು ನಿದ್ದೆಯೂ ಅಲ್ಲ, ವಶೀಕರಣವೂ ಅಲ್ಲ, ಒಪ್ಪದವರ ಮೇಲೆ ನಡೆಯುವುದೂ ಇಲ್ಲ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಆರು ತಿಂಗಳಲ್ಲಿ ಬಂದವರು 19 ಜನ, ಭೇಟಿಗೆ 400 ರೂಪಾಯಿ, ಕೋಣೆಯ ಬಾಡಿಗೆ ತಿಂಗಳಿಗೆ 4,500. ಬಾಡಿಗೆ ಕಟ್ಟಲು ಮತ್ತೆ ಆಸ್ಪತ್ರೆಯ ರಾತ್ರಿ ಪಾಳಿಗೆ ಹೋದೆ. ಕೈತುಂಬ ಆದಾಯದ ಲೆಕ್ಕ ಇದು.

ದುಡ್ಡಿನ ಕಷ್ಟ ಹೇಗೋ ಕಳೆಯುತ್ತದೆ. ನಾನು ಈ ಪತ್ರ ಬರೆಯುತ್ತಿರುವುದು ಆ 19 ಜನರಲ್ಲಿ ಒಬ್ಬನಿಗಾಗಿ. ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂದು ತಂದೆ ಕರೆತಂದ ಕಾಲೇಜು ಹುಡುಗ. ನಾನು ಕಲಿತಂತೆಯೇ ಮಾಡಿದೆ: ಒಂದು ಬಿಂದುವನ್ನು ನೋಡು, ರೆಪ್ಪೆ ಭಾರವಾಗುತ್ತಿದೆ, ನನ್ನ ದನಿ ನಿನ್ನೊಳಗೆ ಉಳಿಯುತ್ತದೆ. ಹುಡುಗ ಅಲುಗಾಡದೆ ಕುಳಿತಿದ್ದ. ಎಷ್ಟು ಚೆನ್ನಾಗಿ ಒಳಗಿಳಿದ ಎಂದು ನನಗೆ ಹೆಮ್ಮೆ. ನಾಲ್ಕನೆಯ ದಿನ ಬಂದು ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ ಹೇಳಿದ: "ಮೇಡಂ, ನಿಮ್ಮ ದನಿ ರಾತ್ರಿಯೂ ಬರುತ್ತಿದೆ. ಉಳಿದವರ ಜೊತೆ ಸೇರಿಕೊಂಡು ಬೈಯುತ್ತಿದೆ." ಉಳಿದವರು! ಅವನಿಗೆ ಮೊದಲೇ ದನಿಗಳು ಕೇಳಿಸುತ್ತಿದ್ದವು. ನಾನು ಕೇಳಿಯೇ ಇರಲಿಲ್ಲ, ಕೇಳಬೇಕೆಂದು ಆ ಮೂರು ದಿನಗಳಲ್ಲಿ ಯಾರೂ ಹೇಳಿರಲಿಲ್ಲ. ಇಂಥ ಸ್ಥಿತಿಯಲ್ಲಿರುವವರ ಮೇಲೆ ಸಮ್ಮೋಹನ ಪ್ರಯೋಗಿಸಬಾರದು ಎಂಬುದು ಈ ವಿದ್ಯೆಯ ಅ ಆ ಇ ಈ. ಅವತ್ತೇ ತಂದೆಯನ್ನು ಕರೆಸಿ ಇಬ್ಬರನ್ನೂ ಮನೋವೈದ್ಯರ ಬಳಿಗೆ ಕರೆದೊಯ್ದೆ. ಔಷಧಿಯಿಂದ ಹುಡುಗ ಚೇತರಿಸಿಕೊಂಡ. ನಾನು ಬೋರ್ಡ್ ಇಳಿಸಿದೆ.

ಆಮೇಲೆ ಇಗ್ನೊ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಎಂ.ಎ. ಓದಿದೆ. ಅಷ್ಟಾದರೂ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನೋವಿಜ್ಞಾನಿ) ಅಲ್ಲ. ಹಾಗೆ ಕರೆದುಕೊಳ್ಳಬೇಕಾದರೆ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಮಾನ್ಯತೆ ಪಡೆದ ತರಬೇತಿ ಮುಗಿಸಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಮ ಬರಹದಲ್ಲಿ ಈ ಪರಿಷತ್ತಿನ ಹೆಸರೇ ಇಲ್ಲ. ನಾನು ರೋಗ ಇಂಥದು ಎಂದು ಹೇಳುವುದಿಲ್ಲ, ಮಾತ್ರೆ ನಿಲ್ಲಿಸಿ ಎನ್ನುವುದಿಲ್ಲ. ಇಬ್ಬರು ವೈದ್ಯರು ಮತ್ತು ಒಬ್ಬ ದಂತವೈದ್ಯರು ಚೀಟಿ ಬರೆದು ಕಳುಹಿಸಿದವರನ್ನಷ್ಟೇ ನೋಡುತ್ತೇನೆ. ಹಲ್ಲಿನ ಕುರ್ಚಿ ಕಂಡರೆ ಬೆವರುವವರು, ಹೊಟ್ಟೆಯವರು.

ಹೊಟ್ಟೆಯವರು ಎಂದರೆ ನಗಬೇಡಿ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಆದರೂ ನೋವು, ಭೇದಿ ಬಿಡದ ಐಬಿಎಸ್ ತೊಂದರೆಗೆ ಸಮ್ಮೋಹನ ನೆರವಾಗುತ್ತದೆ ಎಂದು ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಮತ್ತು ಸಂಗಡಿಗರು 30 ರೋಗಿಗಳ ಅಧ್ಯಯನವನ್ನು 1984ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ವರ್ಷ ಔಷಧಿ ಕೊಟ್ಟರೂ ಗುಣ ಕಾಣದಿದ್ದರೆ ಇದನ್ನೂ ಪರಿಗಣಿಸಬಹುದು ಎಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯೇ ಹೇಳುತ್ತದೆ. ನನ್ನ ಬಳಿ ಬಂದ ಬಸ್ ಕಂಡಕ್ಟರ್ ಒಬ್ಬರಿಗೆ ಹರಿಹರ, ರಾಣೆಬೆನ್ನೂರು, ಹಾವೇರಿ ಎಂದರೆ ಊರುಗಳಾಗಿರಲಿಲ್ಲ, ಶೌಚಾಲಯಗಳಾಗಿದ್ದವು. ಎಲ್ಲ ತಪಾಸಣೆ ಮುಗಿಸಿದ ಮೇಲೆ ವೈದ್ಯರು ಕಳುಹಿಸಿದ್ದರು. ಅವರ ಊರು ಭದ್ರಾ ನಾಲೆಯ ದಂಡೆಯಲ್ಲಿ. ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಿಸುಪನ್ನು ಗಮನಿಸಿ ಎಂದೆ. ಕರುಳನ್ನೇ ನಾಲೆ ಎಂದುಕೊಳ್ಳಿ, ತೂಬಿನ ಹಲಗೆಯನ್ನು ನೀವೇ ಇಳಿಸುತ್ತಿದ್ದೀರಿ, ನೀರು ಸಾವಕಾಶವಾಗುತ್ತಿದೆ ಎಂದೆ. ಐದನೆಯ ವಾರ ಅವರೇ ನನ್ನನ್ನು ತಿದ್ದಿದರು: "ಹಲಗೆ ಪೂರ್ತಿ ಇಳಿಸಬಾರದು ಮೇಡಂ, ನಾಲ್ಕು ಬೆರಳು ಬಿಡಬೇಕು." ಅಲ್ಲಿಂದ ನಾಲ್ಕು ಬೆರಳು ಬಿಟ್ಟೆವು. ಹತ್ತು ವಾರಗಳ ನಂತರ ನೋವು ಪೂರ್ತಿ ಹೋಗಲಿಲ್ಲ. ಆದರೆ ರಜೆಯ ಅರ್ಜಿಗಳು ನಿಂತವು, ಮಂಡಕ್ಕಿ ಜೊತೆ ಒಂದು ಮೆಣಸಿನಕಾಯಿ ತಿಂದೆ ಎಂದು ಫೋನ್ ಬಂತು. ಒಂದೇ ಎಂದು ಒತ್ತಿ ಹೇಳಿದರು. ನಾನು ನಂಬಿಲ್ಲ.

ನನ್ನ ಕೋರಿಕೆ ಇಷ್ಟು. ಈ ದಾರಿ ಹಿಡಿಯಬಯಸುವ ಮಕ್ಕಳಿಗೆ ಮೊದಲು ವೈದ್ಯಕೀಯ, ಶುಶ್ರೂಷೆ ಇಲ್ಲವೇ ಮನೋವಿಜ್ಞಾನ ಓದಲು ಹೇಳಿ. ಸಮ್ಮೋಹನ ಆ ಓದಿನ ಮೇಲೆ ಕೂರಬೇಕಾದ ಉಪಕರಣ. ಇಗೋ ಇಷ್ಟೇ ಎಂದು ಪುರವಣಿಯ ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದರೂ ಸಾಕು.

ಬರಹದ ಕೆಳಗೇ ಮೂರು ದಿನಗಳ ತರಬೇತಿಯ ಜಾಹೀರಾತು ಇತ್ತಲ್ಲ, ಆ ಸಂಖ್ಯೆಗೆ ಕರೆ ಮಾಡಿ ಏನು ಓದಿರಬೇಕು ಎಂದು ಕೇಳಿದೆ. "ಏನೂ ಬೇಡ ಮೇಡಂ, ಆಸಕ್ತಿ ಇದ್ದರೆ ಸಾಕು, ಕಂತಿನಲ್ಲೂ ಕಟ್ಟಬಹುದು" ಎಂದರು. ಕಾಯಿಲೆ ಇರುವವರು ಬಂದರೆ ಗುರುತಿಸುವುದು ಹೇಗೆಂದು ಕಲಿಸುತ್ತೀರಾ ಎಂದೆ. ಅದು ಎರಡನೆಯ ಹಂತದ ತರಬೇತಿಯಂತೆ, ಶುಲ್ಕ ಬೇರೆಯಂತೆ.

ಇತಿ,
ಒಬ್ಬ ಓದುಗಾರ್ತಿ, ದಾವಣಗೆರೆ