ಸೀನನಿಗೆ, ಉಪ್ಪಿಟ್ಟು ಮಂತ್ರಿಯ ಸಾಕ್ಷಿಯಾಗಿ

ಪ್ರೀತಿಯ ಸೀನ,

ನೀನು ಆ ಚೀನೀ ಅರಮನೆ ಧಾರಾವಾಹಿಯ ನಲವತ್ತನೇ ಕಂತಿಗೆ ಬಂದಿದ್ದೀಯ ಅಂತ ಮೆಸೇಜು ನೋಡಿದ ಕೂಡಲೇ ಗೊತ್ತಾಯಿತು. ಇಲ್ಲದಿದ್ದರೆ ರಾತ್ರಿ ಎರಡೂವರೆಗೆ "ಆ ಸೇನಾಪತಿ ಸೀದಾ ಹೋಗಿ ರಾಜನಿಗೇ ಹೇಳಬಾರದಿತ್ತೇನೋ?" ಅಂತ ಯಾರು ಕೇಳ್ತಾರೆ? ಅಲ್ಲೇ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನೀನು ಓದಿ ಮರೆಯುವ ಗಿರಾಕಿ. ನಾಲ್ಕು ಜನರೆದುರು ಹೇಳಿದರೆ ಮರ್ಯಾದೆಗಾದರೂ ನೆನಪಿಟ್ಟುಕೊಳ್ಳುತ್ತೀಯ. (ಉಳಿದವರೂ ಓದಿಕೊಳ್ಳಿ. ಉಪ್ಪಿಟ್ಟು ಮಂತ್ರಿ ಯಾರು ಅಂತ ಮಾತ್ರ ಕೇಳಬೇಡಿ.)

ಮೊದಲು ನಿನ್ನ ಧಾರಾವಾಹಿಯವರ ತಪ್ಪು ಹೇಳಿಬಿಡ್ತೀನಿ. ಗೋಡೆಯಾಚೆಯಿಂದ ಹೆಸರಿಲ್ಲದ ಕಾಗದ ಬಂದು ಬೀಳುತ್ತದೆ, ಚಕ್ರವರ್ತಿ ಓದಿ ಹುಬ್ಬು ಗಂಟಿಕ್ಕುತ್ತಾನೆ, ಬೆಳಗಾಗುವಷ್ಟರಲ್ಲಿ ಮನೆಗೆ ಸೈನಿಕರ ಮುತ್ತಿಗೆ. ಚೀನಾದ ಟಾಂಗ್ ರಾಜವಂಶದ ಕಾಲದ 502 ಕಲಮುಗಳ ಕಾನೂನಿದೆ, 653ರಲ್ಲಿ ಅದಕ್ಕೆ ಅಧಿಕೃತ ವ್ಯಾಖ್ಯಾನವೂ ಸಿದ್ಧವಾಯಿತು. ಅದರ ಪ್ರಕಾರ ಮೂಗರ್ಜಿ ಎಸೆದವನಿಗೆ 2000 ಲೀ (ಒಂದು ಲೀ ಅಂದರೆ ಸುಮಾರು ಅರ್ಧ ಕಿಲೋಮೀಟರ್) ದೂರ ಗಡೀಪಾರು. ಸಿಕ್ಕಿದವನು ಅದನ್ನು ಕೂಡಲೇ ಸುಡಬೇಕು. ದೂರು ಕೊಡುವವನು ಹೆಸರು ಹಾಕಿಯೇ ಕೊಡಬೇಕು. ಅದು ಸುಳ್ಳು ಅಂತಾದರೆ, ಎದುರಾಳಿಗೆ ಆಗಬೇಕಿದ್ದ ಶಿಕ್ಷೆ ದೂರುದಾರನಿಗೇ ಬರುತ್ತದೆ. ಹಾಗಾಗಿ ಪಿತೂರಿ ಹೂಡುವವನು ವಿಷದ ಬಟ್ಟಲಿಗಿಂತ ಮೊದಲು ಹುಡುಕಬೇಕಾದದ್ದು ಹೆಸರು ಹಾಕಲು ಒಪ್ಪುವ ಒಬ್ಬ ಆಸಾಮಿಯನ್ನು.

ಆ ಆಸಾಮಿ ಒಳಗಿನವನಾದರೆ ಒಳ್ಳೆಯದು. ಅಲ್ಲೂ ಒಂದು ಕೊಕ್ಕೆ. ಒಂದೇ ಮನೆಯವರು ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಡುವುದಕ್ಕೆ ಆ ಕಾನೂನಿನ ಒಪ್ಪಿಗೆಯಿತ್ತು. ಅಪ್ಪನ ಮೇಲೆ ದೂರು ಕೊಟ್ಟ ಮಗನಿಗೆ ಕೊರಳು ಬಿಗಿದು ಸಾವು. ಈ ರಕ್ಷಣೆ ಹಾರಿಹೋಗುವುದು ರಾಜದ್ರೋಹದಂಥ ಅಪರಾಧಗಳಲ್ಲಿ. ಅರಮನೆ ಕಥೆಗಳಲ್ಲಿ ಎಲ್ಲ ಜಗಳವೂ ಕಡೆಗೆ ರಾಜದ್ರೋಹಕ್ಕೇ ಬಂದು ನಿಲ್ಲುವುದು ಬರಹಗಾರರ ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಬೊಕ್ಕಸ ನುಂಗಿದ ಅಂತ ಎಷ್ಟು ಕೂಗಿದರೂ ಮನೆಯೊಳಗಿನವರ ಬಾಯಿ ಬಿಡಿಸಲಾಗುವುದಿಲ್ಲ, ಅಷ್ಟೇ. ಇನ್ನು ಆ ಚಾವಟಿ ದೃಶ್ಯ. ಕೈದಿಗೆ ಹೊಡೆತ ಮೂರು ಸಲಕ್ಕಿಂತ ಹೆಚ್ಚು ಕೂಡದು, ನಡುವೆ 20 ದಿನ ಬಿಡಬೇಕು, ಒಟ್ಟು 200 ದಾಟಬಾರದು. ದೊಡ್ಡ ಅಧಿಕಾರಿಗಳ ಮೈ ಮುಟ್ಟುವಂತೆಯೇ ಇಲ್ಲ, ಅವರ ವಿರುದ್ಧ ಕನಿಷ್ಠ ಮೂವರ ಸಾಕ್ಷಿ ಬೇಕು. ಒಂದೇ ರಾತ್ರಿಯಲ್ಲಿ ತಪ್ಪೊಪ್ಪಿಗೆ ಬರೆಸಿಕೊಂಡರೆ ಕಾನೂನು ಆಗಲೇ ಬಾಗಿಲಾಚೆ ಹೋಗಿದೆ ಅಂತ ತಿಳಿ.

ಈಗ ಮನೆತನದ ಲೆಕ್ಕ. ಇಲ್ಲಿ ಧಾರಾವಾಹಿಯವರು "ಇಡೀ ವಂಶ" ಅಂತ ಒಂದೇ ಏಟಿಗೆ ಮುಗಿಸಿಬಿಡುತ್ತಾರೆ. ಟಾಂಗ್ ಕಲಮು ಹಾಗಿಲ್ಲ. ಸಂಚು ಹೂಡಿದವನ ತಲೆ ಕಡಿಯುವುದು. ಅಪ್ಪನಿಗೂ, 16 ತುಂಬಿದ ಗಂಡುಮಕ್ಕಳಿಗೂ ಕೊರಳು ಬಿಗಿತ. 15 ಮತ್ತು ಅದಕ್ಕಿಂತ ಕಿರಿಯ ಗಂಡುಮಕ್ಕಳು, ತಾಯಿ, ಹೆಂಡತಿ, ಹೆಣ್ಣುಮಕ್ಕಳು, ಅಜ್ಜ, ಮೊಮ್ಮಕ್ಕಳು, ಒಡಹುಟ್ಟಿದವರು ಹೊಲ ಮನೆ ಪಾತ್ರೆ ಪಗಡೆಯ ಜೊತೆ ಸರ್ಕಾರದ ಸೊತ್ತು. ಚಿಕ್ಕಪ್ಪ ದೊಡ್ಡಪ್ಪಂದಿರು, ಅಣ್ಣತಮ್ಮಂದಿರ ಮಕ್ಕಳು 3000 ಲೀ ಆಚೆಗೆ, ಅಂದರೆ ಹೆಚ್ಚುಕಡಿಮೆ ಸಾವಿರದೈನೂರು ಕಿಲೋಮೀಟರ್. 80 ತುಂಬಿದ ಗಂಡಸರಿಗೂ 60 ತುಂಬಿದ ಹೆಂಗಸರಿಗೂ ವಿನಾಯಿತಿ. ಪಾತ್ರಧಾರಿ ತಲೆಯ ಮುಂಭಾಗ ಬೋಳಿಸಿ ಜಡೆ ಬಿಟ್ಟಿದ್ದರೆ ಅದು ಚೀನಾದ ಕೊನೆಯ ರಾಜವಂಶ ಚಿಂಗ್‌ನ ಕಾಲ, ಅಲ್ಲಿ 16 ತುಂಬಿದ ಗಂಡಸರಿಗೆಲ್ಲ ಕತ್ತಿಯೇ.

ಆ 15-16ರ ಗೆರೆ ಇದೆಯಲ್ಲ, ಅದರ ಮೇಲೆ ಒಂದು ಇಡೀ ಧಾರಾವಾಹಿ ಬರೆಯಬಹುದು. ಅವರ ಎಣಿಕೆಯಲ್ಲಿ ಮಗು ಹುಟ್ಟುತ್ತಲೇ ಒಂದು ವರ್ಷ, ಪ್ರತಿ ಹೊಸವರ್ಷಕ್ಕೂ ಒಂದು ಸೇರುತ್ತದೆ. ವರ್ಷದ ಕೊನೆಯ ದಿನ ಹುಟ್ಟಿದ ಕೂಸಿಗೆ ಮಾರನೇ ದಿನ ಎರಡು. ಅವರ ಹದಿನಾರು ನಮ್ಮ ಲೆಕ್ಕದಲ್ಲಿ ಆಗಷ್ಟೇ ಹದಿನಾಲ್ಕು ತುಂಬಿದ ಹುಡುಗನಾಗಿರಬಹುದು. ತೀರ್ಪು ಹಬ್ಬಕ್ಕೆ ಮುಂಚೆ ಬಂತೋ ಆಮೇಲೆ ಬಂತೋ ಅನ್ನುವುದರಲ್ಲಿ ಅವನ ಜೀವ. ಮದುವೆಯಾದ ಹೆಣ್ಣಿನ ವಿಷಯಕ್ಕೆ ಟಾಂಗ್‌ಗಿಂತ ಹಿಂದೆ, ವೇಯ್ ರಾಜ್ಯಕ್ಕೆ ಹೋಗಬೇಕು. ಅಲ್ಲಿ 255ರವರೆಗೂ ಅವಳಿಗೆ ಎರಡು ಕಡೆಯಿಂದ ಸಾವು: ತವರು ಬಿದ್ದರೂ, ಗಂಡನ ಮನೆ ಬಿದ್ದರೂ. ಆ ವರ್ಷ ದಂಗೆಯೆದ್ದ ಸೇನಾಪತಿಯೊಬ್ಬನ ಮೊಮ್ಮಗಳು ಬಸುರಿಯಾಗಿ ಸೆರೆಮನೆಯಲ್ಲಿದ್ದಾಗ ಅವಳ ತಾಯಿ ಅಂಗಲಾಚಿದಳು. ಮದುವೆಯಾದವಳು ಇನ್ನು ಗಂಡನ ಮನೆಯ ಶಿಕ್ಷೆಗೆ ಮಾತ್ರ ಬಾಧ್ಯಳು ಅಂತ ನಿಯಮ ಬದಲಾಯಿತು. ಕರುಣೆಯನ್ನೂ ಅಳತೆಪಟ್ಟಿ ಹಿಡಿದೇ ಕೊಟ್ಟರು.

ನಿನ್ನ ಪ್ರಶ್ನೆಗೆ ಬರ್ತೀನಿ. ಸೀದಾ ಹೋಗಿ ಹೇಳಲು ನೋಡಿದವನಿದ್ದ: ಹಾನ್ ವಂಶದ ಚಕ್ರವರ್ತಿ ವುದಿಯ ಮಗ, ಯುವರಾಜ ಲಿಯು ಜು. ಕ್ರಿಸ್ತಪೂರ್ವ 91. ಜಿಯಾಂಗ್ ಚೊಂಗ್ ಎಂಬಾತ ಮಾಟಮಂತ್ರದ ತನಿಖೆ ಅಂತ ಅರಮನೆಯ ನೆಲ ಅಗೆಸಿ, ಯುವರಾಜನ ಅಂಗಳದಲ್ಲಿ ಮರದ ಬೊಂಬೆ ಸಿಕ್ಕಿತು ಅಂದ. ಅಪ್ಪ ಕಾಯಿಲೆ ಬಿದ್ದು ಊರಾಚೆಯ ಗಾಂಚುವಾನ್ ಅರಮನೆಯಲ್ಲಿ. ಇಲ್ಲಿಂದ ಕಳಿಸಿದ ವಿಚಾರಣೆಗೆ ಅಲ್ಲಿಂದ ಉತ್ತರವಿಲ್ಲ. ಅಪ್ಪ ಬದುಕಿದ್ದಾನೋ ಇಲ್ಲವೋ ಅನ್ನುವ ಅನುಮಾನದಲ್ಲಿ ಮಗ ಹುಸಿ ಆಜ್ಞೆ ಹೊರಡಿಸಿ ಜಿಯಾಂಗ್ ಚೊಂಗ್‌ನನ್ನು ಹಿಡಿಸಿ ಕೊಂದ. ಅಲ್ಲಿಂದ ತಪ್ಪಿಸಿಕೊಂಡ ಒಬ್ಬ ನಪುಂಸಕ ಸೇವಕ ಅಪ್ಪನ ಬಳಿ ಮೊದಲು ತಲುಪಿದ. ಅವನು ಹೇಳಿದ್ದೇ ಕಥೆಯಾಯಿತು. ರಾಜಧಾನಿ ಚಾಂಗಾನ್ ಬೀದಿಗಳಲ್ಲಿ ಐದು ದಿನ ಕಾಳಗ, ತಾಯಿ ಮಹಾರಾಣಿಯ ಆತ್ಮಹತ್ಯೆ, ಓಡಿಹೋದ ಮಗ ಕಡೆಗೆ ತಾನೇ ನೇಣಿಗೆ. ರಾಜನಿಗೆ ಹೇಳುವುದು ಅಂದರೆ ರಾಜನ ಬಾಗಿಲಲ್ಲಿ ನಿಂತವನಿಗೆ ಹೇಳುವುದು, ಸೀನ.

ಇನ್ನು ಯುಯೆ ಫೇ. ಸೋಂಗ್ ಕಾಲದ ಸೇನಾನಿ. ಅವನ ಪ್ರಕರಣದಲ್ಲಿ ಮೊದಲ ದೂರು ಅವನ ಮೇಲಲ್ಲ, ಅವನ ಕೈಕೆಳಗಿನ ಜಾಂಗ್ ಷಿಯಾನ್ ಮೇಲೆ. ಹೆಸರು ಹಾಕಿದವನು ಅದೇ ಪಡೆಯ ವಾಂಗ್ ಜುನ್. ಸಂಚಿನ ಪತ್ರಗಳು ಎಲ್ಲಿ ಅಂದರೆ, ಸುಟ್ಟುಹಾಕಿದ್ದಾರೆ! ಇಲ್ಲದ ಪತ್ರವನ್ನು ಯಾರು ಪರೀಕ್ಷಿಸುತ್ತಾರೆ? ಮೊದಲು ವಿಚಾರಿಸಿದ ಹೆ ಜು, ಯುಯೆ ಫೇಯ ಬೆನ್ನ ಮೇಲೆ ದೇಶನಿಷ್ಠೆಯ ನಾಲ್ಕು ಅಕ್ಷರ ಹಚ್ಚೆ ಹಾಕಿದ್ದನ್ನು ಕಂಡು, ತಪ್ಪಿಲ್ಲ ಅಂದ. ಪ್ರಧಾನಿ ಚಿನ್ ಹುಯಿ, ಇದು ಮೇಲಿನವರ ಇಚ್ಛೆ ಅಂದು ಅವನ ಜಾಗಕ್ಕೆ ಮೊಛಿ ಷಿಯೆಯನ್ನು ಕೂರಿಸಿದ. ಪುರಾವೆ ಏನು ಅಂತ ಇನ್ನೊಬ್ಬ ಸೇನಾನಿ ಕೇಳಿದ್ದಕ್ಕೆ ಚಿನ್ ಹುಯಿಯ ಉತ್ತರ ಮೂರೇ ಅಕ್ಷರ: ಇದ್ದರೂ ಇರಬಹುದು. 1142ರ ಜನವರಿಯಲ್ಲಿ ಯುಯೆ ಫೇ, ಅವನ ಮಗ, ಜಾಂಗ್ ಷಿಯಾನ್, ಮೂವರನ್ನೂ ಮುಗಿಸಿದರು. ಮನೆಯವರು ದಕ್ಷಿಣದ ಕೊನೆಗೆ ಗಡೀಪಾರು.

ಇಲ್ಲಿಯವರೆಗೂ ನನಗೆ ತೊಂದರೆಯಿರಲಿಲ್ಲ. ಕಾಡುತ್ತಿರುವುದು ಮುಂದಿನದು.

ಇಪ್ಪತ್ತು ವರ್ಷದ ಮೇಲೆ, 1162ರಲ್ಲಿ, ಹೊಸ ಚಕ್ರವರ್ತಿ ಷಿಯಾವ್‌ಜೊಂಗ್ ಪದವಿ ಮರಳಿ ಕೊಟ್ಟ, ಮರ್ಯಾದೆಯಿಂದ ಮತ್ತೆ ಸಮಾಧಿ ಮಾಡಿಸಿದ, ಮಕ್ಕಳುಮರಿ ಎಲ್ಲಿದ್ದಾರೆ ಹುಡುಕಿ ಕೆಲಸ ಕೊಡಿ ಅಂದ. ಗಡೀಪಾರಿಗೆ ತೆಗೆದ ಮನೆಯವರ ಪಟ್ಟಿಯೇ ಈಗ ನೌಕರಿಗೆ. ನಿನ್ನ ಕಂತಿನಲ್ಲಿ ಸಂಗೀತ ಏರುವುದು, ನಾವಿಬ್ಬರೂ ಮೂಗು ಒರೆಸಿಕೊಳ್ಳುವುದು ಇಂಥಲ್ಲೇ. ಆದರೆ ಆ ಆಜ್ಞೆಯನ್ನು ಗಮನವಿಟ್ಟು ಓದು. ನಿವೃತ್ತ ಚಕ್ರವರ್ತಿ ಇವನನ್ನು ಎಂದೂ ಮರೆತಿರಲಿಲ್ಲ, ಅವರ ಮನಸ್ಸಿನಂತೆಯೇ ಈ ಮರುಸ್ಥಾಪನೆ ಅನ್ನುತ್ತದೆ ಅದು. ನಿವೃತ್ತ ಚಕ್ರವರ್ತಿ ಯಾರು? ಗಾವ್‌ಜೊಂಗ್. ಯುಯೆ ಫೇ ಸತ್ತಾಗ ಸಿಂಹಾಸನದಲ್ಲಿದ್ದವನು. 1187ರವರೆಗೂ ಬದುಕಿದ್ದ. ಹಾಂಗ್‌ಜೋವಿನಲ್ಲಿ ಯುಯೆ ಫೇ ಸಮಾಧಿಯೆದುರು ಕಬ್ಬಿಣದ ಬೊಂಬೆಯಾಗಿ ಮಂಡಿಯೂರಿದವರಲ್ಲಿ ಚಿನ್ ಹುಯಿ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ರಾಜ ಇಲ್ಲ.

ಲಿಯು ಜು ಕಡೆಯದು ಇನ್ನೂ ವಿಚಿತ್ರ. ಸೆರೆಮನೆಯಲ್ಲಿ ಬಿಂಗ್ ಜಿ ಎಂಬ ಅಧಿಕಾರಿ ಉಳಿಸಿದ ಅವನ ಮೊಮ್ಮಗ ಕ್ರಿಸ್ತಪೂರ್ವ 74ರಲ್ಲಿ ತಾನೇ ಚಕ್ರವರ್ತಿಯಾದ. ಮೊಹರು ಅವನ ಕೈಯಲ್ಲೇ. ಆದರೂ ಅಜ್ಜನಿಗೆ ಮರಣೋತ್ತರ ಬಿರುದಾಗಿ ಸಿಕ್ಕ ಅಕ್ಷರ "ಲೀ" (ದೂರ ಅಳೆಯುವ ಲೀ ಅಲ್ಲ): ವಕ್ರ, ತಪ್ಪು ಅನ್ನುವ ಕಡೆಗೆ ಎಳೆಯುವ ಅಕ್ಷರ. ಅದನ್ನು ಮೆತ್ತಗೆ ಓದಿ ಸಮಾಧಾನಪಟ್ಟವರೂ ಇದ್ದಾರೆ. ಅಜ್ಜನನ್ನು ಪೂರ್ತಿ ಬಿಡಿಸಬೇಕಾದರೆ ಮುತ್ತಜ್ಜನನ್ನು ಕಟಕಟೆಗೆ ತರಬೇಕು, ಸಿಂಹಾಸನ ಬಂದದ್ದು ಆ ಸಾಲಿನಿಂದ.

ಅಂದರೆ ಇಷ್ಟು ವರ್ಷ ನಾನು ಗಂಟಲು ಕಟ್ಟಿಸಿಕೊಂಡು ಕಾದದ್ದು ಕೊಂದವರ ಮನೆಯ ಮೊಹರಿಗೆ. ಸತ್ತವನು ಒಳ್ಳೆಯವನು ಅಂತ ಮೊದಲ ಕಂತಿನಿಂದ ನನಗೆ ಗೊತ್ತಿದ್ದರೂ ಸಾಲದು, ಆ ಮುದುಕನೇ ಹೇಳಬೇಕು. ಧಾರಾವಾಹಿಯಲ್ಲಿ ಮಾತ್ರ ಅಲ್ಲ ಕಣೋ. ನನ್ನ ತಲೆಯೊಳಗೂ ಒಬ್ಬ ಮುದುಕ ಸಿಂಹಾಸನದಲ್ಲಿ ಕೂತಿದ್ದಾನೆ. "ಅವತ್ತು ತಪ್ಪು ನಿನ್ನದಲ್ಲ" ಅಂತ ಅವನ ಬಾಯಿಂದಲೇ ಬರಲಿ ಅಂತ ನಾನಿನ್ನೂ ಅಂಗಳದಲ್ಲಿ ನಿಂತಿದ್ದೇನೆ. ಬೇರೆ ಯಾರು ಹೇಳಿದರೂ, ನೀನು ಹೇಳಿದರೂ, ಅದು ಲೆಕ್ಕಕ್ಕೆ ಬರುವುದಿಲ್ಲ. ಅವನು ಯಾರು ಅಂತ ನಿನಗೆ ಗೊತ್ತು.

ಈ ಪ್ಯಾರಾ ಅಳಿಸೋಣ ಅಂತಿದ್ದೆ. ಅಳಿಸಿದರೆ "ಪತ್ರ ಸುಟ್ಟಿದ್ದಾನೆ" ಅಂತ ನೀನೇ ನನ್ನ ಮೇಲೆ ಕೇಸು ಹಾಕ್ತೀಯ. ಇರಲಿ ಬಿಡು. ನಾಲ್ಕು ಜನ ಓದಲಿ ಅಂತ ಮೊದಲೇ ಡಂಗುರ ಹೊಡೆದವನು ನಾನೇ ತಾನೆ, ಅನುಭವಿಸ್ತೀನಿ.

ನಲವತ್ತೊಂದನೇ ಕಂತು ಹಾಕುವ ಮೊದಲು ಧಾರಾವಾಹಿಯ ಆ ಹುಡುಗನ ವಯಸ್ಸು ಬೆರಳಲ್ಲಿ ಎಣಿಸಿಕೋ, ಅವರ ಲೆಕ್ಕದಲ್ಲಿ. ಉಪ್ಪಿಟ್ಟು ಮಂತ್ರಿಯ ಬಗ್ಗೆ ಚಿಂತೆ ಬೇಡ, ಕೊನೆಯವರೆಗೂ ಅವನಿಗೇನೂ ಆಗುವುದಿಲ್ಲ. ದೂರಿಗೆ ಹೆಸರು ಹಾಕಿದವನು ಅವನೇ.

ಅಯ್ಯೋ. ಹೇಳಿಬಿಟ್ಟೆ.

ನಿನ್ನ,
3000 ಲೀ ಆಚೆಗೆ ಹೊರಡಲು ಗಂಟುಮೂಟೆ ಕಟ್ಟುತ್ತಿರುವವ