ಮೋಶಿಯ ಬಾಳೆಕಾಯಿ ಅಮ್ಮನಿಗೆ ಧನ್ಯವಾದ

ಹೆಸರು ಕೇಳಲೂ ಆಗಲಿಲ್ಲ, ಆದರೂ ಈ ಧನ್ಯವಾದ ಹೇಳಲೇಬೇಕು. ಇದು ತಾಂಜಾನಿಯಾದ ಮೋಶಿ ಮಾರುಕಟ್ಟೆಗೆ ಬಾಳೆಕಾಯಿ ತರುವ ಒಬ್ಬ ಅಮ್ಮನಿಗೆ.

ಕಿಲಿಮಂಜಾರೋ ತಪ್ಪಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಲೆಕ್ಕ ಹೇಳಿಕೊಡುತ್ತಿದ್ದೆ. ಅಲ್ಲಿ ಮನೆ ಸುತ್ತಲೂ ಬಾಳೆ, ಬಾಳೆಯ ನೆರಳಲ್ಲಿ ಕಾಫಿ. ಒಂದು ಬೆಳಿಗ್ಗೆ ದಾಲಾದಾಲಾದಲ್ಲಿ, ಅಂದರೆ ಅಲ್ಲಿನ ಮಿನಿ ಬಸ್ಸಿನಲ್ಲಿ, ನನಗೆ ಚಳಿಜ್ವರ ಏರಿತು. ಕಾಲಿಡಲೂ ಜಾಗವಿಲ್ಲದ ಗಾಡಿ. ಪಕ್ಕದಲ್ಲಿದ್ದ ಈ ಅಮ್ಮ ಹಣೆ ಮುಟ್ಟಿ ನೋಡಿದರು. ಕಂಡಕ್ಟರನನ್ನು ಗದರಿಸಿ ಗಾಡಿ ನಿಲ್ಲಿಸಿದರು. ತಮ್ಮ ಗೊನೆಗಳನ್ನು ಜೊತೆಯವರಿಗೆ ಒಪ್ಪಿಸಿ ನನ್ನೊಂದಿಗೆ ಇಳಿದೇಬಿಟ್ಟರು. ಆ ದಿನದ ವ್ಯಾಪಾರ ಹೋಯಿತು ಅಲ್ವಾ? ಅದೇ ನನ್ನನ್ನು ಈಗಲೂ ಕಾಡುತ್ತದೆ.

ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಮಲೇರಿಯಾ. 3 ದಿನ, ದಿನಕ್ಕೆ 2 ಸಲ ಮಾತ್ರೆ. ಈ ಮಾತ್ರೆ ಹಾಲು, ಊಟದ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಅದು ಆ ಅಮ್ಮನಿಗೆ ಗೊತ್ತಿತ್ತು. ಎಲ್ಲಿಂದಲೋ ಹಾಲು ಹಾಕಿದ ಉಜಿ ತಂದರು. ನಮ್ಮ ರಾಗಿಯದೇ ತೆಳು ಗಂಜಿ! ಒಂದೊಂದೇ ಗುಟುಕು ಕುಡಿಸಿದರು. ಹೆಗಲ ಮೇಲಿನ ಕಾಂಗಾ ಬಟ್ಟೆ ತೆಗೆದು ಹೊದಿಸಿದರು. ಶಾಲೆಯವರು ಬರುವ ತನಕ ಕದಲಲಿಲ್ಲ. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನೇ ಮಡಚಿದರು.

ಮೋಶಿ ಕಡೆ ಇರುವ ಕನ್ನಡಿಗರಲ್ಲಿ ಒಂದು ವಿನಂತಿ. ಮಾರುಕಟ್ಟೆಗೆ ಹೋದಾಗ ಬಾಳೆಕಾಯಿ ಸಾಲಿನ ಅಮ್ಮಂದಿರಿಗೆ ನನ್ನ ಕಡೆಯಿಂದ ಅಸಾಂತೆ ಸಾನಾ, ಅಂದರೆ ಸ್ವಾಹಿಲಿಯಲ್ಲಿ ತುಂಬಾ ಧನ್ಯವಾದ, ಹೇಳಿ.